ಹಸಿ ಮಾಂಸವೂ ಈಳಿಗೆಮಣೆಯೂ

ಗೋಮಾಂಸವನ್ನು ಹಸಿಯಾಗಿಯೇ ತಿನ್ನುವ ಜನರು ಲೋಕದಲ್ಲಿದ್ದಾರೆಂದರೆ ನಮ್ಮ ಸೋಲೂರಿನ ಕಡೆಯವರು ನಂಬಲಾರರು. ಇಲ್ಲಿ ಯಾವ ಮಾಂಸವಾದರೂ ಮೂಳೆ ಬಿಡುವಷ್ಟು ಬೇಯದೆ ಎಲೆಗೆ ಬರುವುದಿಲ್ಲ. ಆದರೆ ಇಥಿಯೋಪಿಯಾ, ಫ್ರಾನ್ಸ್, ಜಪಾನುಗಳಲ್ಲಿ ಅದೊಂದು ಮೆಚ್ಚಿನ ಭಕ್ಷ್ಯ. 2011ರಲ್ಲಿ ಜಪಾನಿನಲ್ಲಿ ಅಂಥ ಭಕ್ಷ್ಯವನ್ನು ತಿಂದ ಐವರು ಮಡಿದರು. ಮರುವರ್ಷ ಅಲ್ಲಿನ ಸರ್ಕಾರ ದನದ ಹಸಿ ಯಕೃತ್ತನ್ನು ಹೋಟೆಲುಗಳಲ್ಲಿ ಬಡಿಸಕೂಡದೆಂದು ವಿಧಿಸಿತು.

ಇದಕ್ಕೆ ಕಾರಣ ಈ. ಕೋಲಿ ಎಂಬ ಬ್ಯಾಕ್ಟೀರಿಯದ ಕೆಲವು ವಿಷಕಾರಿ ಬಗೆಗಳು. ಇವು ದನದ ಕರುಳಿನಲ್ಲಿ, ದನಕ್ಕೆ ಯಾವ ಬಾಧೆಯನ್ನೂ ಕೊಡದೆ, ವಾಸಮಾಡುತ್ತವೆ. ಕೊಯ್ಯುವಾಗ ಸಗಣಿಯೋ ಚರ್ಮದ ಕೊಳೆಯೋ ತಗುಲಿ ಮಾಂಸದ ಮೇಲ್ಮೈಗೆ ಅಂಟುತ್ತವೆ. ಇಡಿಯ ತುಂಡಾದರೆ ಹೊರಮೈ ಚೆನ್ನಾಗಿ ಕಾದಾಗ ಬಹುಮಟ್ಟಿಗೆ ಸಾಯುತ್ತವೆ. ಕೊಚ್ಚಿ ಕೈಮ ಮಾಡಿದರೋ, ಹೊರಗಿನದೆಲ್ಲ ಒಳಗಾಯಿತು! 1993ರಲ್ಲಿ ಅಮೆರಿಕದಲ್ಲಿ ಅರೆಬೆಂದ ಕೈಮದಿಂದ 700ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. 4 ಮಕ್ಕಳು ತೀರಿಕೊಂಡವು. ಈ ವಿಷ ಎಳೆಯರ ಮೂತ್ರಪಿಂಡಗಳನ್ನೇ ಕೆಡಿಸಬಲ್ಲದು. ಕೈಮದ ನಡುಭಾಗವೂ 71 ಡಿಗ್ರಿ ಸೆಲ್ಸಿಯಸ್ ಕಾಯಬೇಕೆಂದು ಅಲ್ಲಿನ ಕೃಷಿ ಇಲಾಖೆ ಹೇಳುತ್ತದೆ. ಉಪ್ಪು, ನಿಂಬೆಹುಳಿ, ಅರಿಶಿನ, ಫ್ರಿಜ್ಜಿನ ಹಿಮ, ಇವಾವುವೂ ಬೆಂಕಿಯ ಕೆಲಸವನ್ನು ಮಾಡಲಾರವು.

‘ದನದ ಮಾಂಸ ತಿನ್ನದ ನಮಗೇಕೆ ಈ ಮಾತು?’ ಎಂದು ಕೆಲವರು ಕೇಳಬಹುದು. ಆಡು ಕುರಿಗಳ ಕರುಳಿನಲ್ಲಿಯೂ ಇದೇ ಜೀವಿ ಉಂಟು. ನಮ್ಮ ಬೀಗರೂಟದ ಕೈಮದುಂಡೆ ಕುದಿಯುವ ಸಾರಿನಲ್ಲಿ ಬಹಳ ಹೊತ್ತು ಬೇಯುವುದರಿಂದ ಅದರ ಭಯವಿಲ್ಲ. ಅಜ್ಜಿಯರ ಈ ಪದ್ಧತಿಯನ್ನು ನಾನು ಯಾವ ಫ್ರೆಂಚ್ ಪಾಕಶಾಸ್ತ್ರಕ್ಕೂ ಬಿಟ್ಟುಕೊಡಲಾರೆ. ನನ್ನ ತಕರಾರೆಲ್ಲ ಈಳಿಗೆಮಣೆಯದು. ಮಾಂಸ ಕೊಯ್ದ ಈಳಿಗೆಯ ಮೇಲೆ ಒಂದು ಚೊಂಬು ನೀರು ಹುಯ್ದು, ಅದರಲ್ಲಿಯೇ ಈರುಳ್ಳಿ, ಸೌತೆಕಾಯಿ ಹೆಚ್ಚುವುದನ್ನು ಊಟದ ಶಾಮಿಯಾನದ ಹಿಂದೆ ಹೋದವರೆಲ್ಲ ಕಂಡಿರುತ್ತಾರೆ. ಮಾಂಸವಾದರೂ ಒಲೆಗೆ ಹೋಗುತ್ತದೆ. ಈರುಳ್ಳಿ ನೇರವಾಗಿ ಎಲೆಗೆ ಬರುತ್ತದೆ. ಹಸಿ ಮಾಂಸವನ್ನು ಕನಸಿನಲ್ಲಿಯೂ ಮುಟ್ಟದವನು ಹೀಗೆ ಅದರ ಕ್ರಿಮಿಯನ್ನು ತಿಂದಂತಾಯಿತು. ಮಾಂಸವನ್ನು ನಲ್ಲಿಯ ಕೆಳಗೆ ರಭಸದಿಂದ ತೊಳೆದರೂ ಕ್ರಿಮಿ ಹೋಗುವುದಿಲ್ಲ. ಹನಿ ಸಿಡಿದು ಪಕ್ಕದ ಪಾತ್ರೆಗಳಿಗೆ ಹರಡುತ್ತದೆ, ಅಷ್ಟೆ.

ಮಾಂಸಕ್ಕೊಂದು, ತರಕಾರಿಗೊಂದು ಈಳಿಗೆ, ಕೈ ತೊಳೆಯಲು ಒಂದು ಸೋಪು: ಸಾವಿರ ಎಲೆ ಹಾಕಿಸುವ ಯಜಮಾನರಿಗೆ ಇದು ಹೊರೆಯಲ್ಲ. ಅಡಿಗೆಯವರಿಗೆ ಮುಂಗಡ ಕೊಡುವ ದಿನವೇ ಈ ಮಾತನ್ನು ಗಟ್ಟಿಮಾಡಿಕೊಳ್ಳಬೇಕು. ಅದೂ ಆಗದೆಂದರೆ ಈರುಳ್ಳಿಯನ್ನು ಮೊದಲೇ ಹೆಚ್ಚಿ, ಮುಚ್ಚಿಟ್ಟು, ಆಮೇಲೆ ಮಾಂಸಕ್ಕೆ ಕೈಹಾಕಲಿ; ಎರಡನೆಯ ಈಳಿಗೆಯ ಖರ್ಚೂ ಉಳಿಯಿತು.