ಖಾಲಿ ತಕ್ಕಡಿ ಮಾತ್ರ ಸಮ

"ನೀನು ತುಲಾ ರಾಶಿಯವನು ಮಾರಾಯ, ನೀನೇ ತೂಗಿ ಹೇಳು" ಅಂದ ಅಣ್ಣ.

ಅಪ್ಪನ ವರ್ಷದ ಕಾರ್ಯ ಮುಗಿದ ಮಾರನೇ ದಿನ ಅದು. ಜಗಲಿಯಲ್ಲಿ ಅಣ್ಣ, ಅಕ್ಕ, ನಾನು ಕೂತಿದ್ದೆವು. ಮಾತು ಮೂರು ಎಕರೆ ಅಡಿಕೆ ತೋಟದ್ದು. ಅಕ್ಕನ ಮದುವೆಗೆ ಬಂಗಾರ ಹಾಕಿದ್ದೇವೆ, ಕೈತುಂಬಾ ಖರ್ಚು ಮಾಡಿದ್ದೇವೆ, ಇನ್ನು ತೋಟದಲ್ಲಿ ಅವಳಿಗೇನು ಪಾಲು ಅನ್ನೋದು ಅಣ್ಣನ ಮಾತು. ಅಕ್ಕ ವಾದ ಮಾಡಲಿಲ್ಲ, ನನ್ನ ಮುಖ ನೋಡಿದಳು ಅಷ್ಟೆ. ನಾನು "ಇಬ್ಬರ ಮಾತಲ್ಲೂ ಸತ್ಯ ಇದೆ" ಅಂದೆ. ಅವಳು "ನಂಗೇನೂ ಬೇಡ ಬಿಡಿ" ಅಂತ ಎದ್ದು ಒಳಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿಕೊಂಡು ಬಂದಳು. ತಿಂಗಳೊಳಗೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿಯೂ ಆಯಿತು. ಅಣ್ಣನಿಗೆ ಒಂದೂವರೆ ಎಕರೆ, ನನಗೆ ಒಂದೂವರೆ.

ಊರಿನವರು ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಜಗಳವಿಲ್ಲದೆ ಪಾಲು ಮುಗಿಸಿದ ಸಮತೂಕದ ಮನುಷ್ಯ! ರಾಶಿಭವಿಷ್ಯದ ಅಂಕಣಗಳೂ ಅದನ್ನೇ ತಾನೇ ಹೇಳೋದು? ತುಲಾ ರಾಶಿಯವರು ಶಾಂತಸ್ವಭಾವದವರು, ಯಾರ ಮನಸ್ಸನ್ನೂ ನೋಯಿಸದವರು, ಎರಡೂ ಕಡೆಯವರಿಗೆ ಬೇಕಾದವರು...

ಜ್ಯೋತಿಷ್ಯದಲ್ಲಿ ನನಗೆ ನಂಬಿಕೆ ಅಷ್ಟಕ್ಕಷ್ಟೆ. ಆದರೂ ಆ ಹೊಗಳಿಕೆ ಯಾಕೋ ಗಂಟಲಲ್ಲಿ ಸಿಕ್ಕಿಕೊಂಡ ಹಾಗಿತ್ತು. ನಮ್ಮ ರಾಶಿಗೆ ಈ ತಕ್ಕಡಿ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಓದುತ್ತಾ ಹೋದೆ. ಓದಿದಷ್ಟೂ ಕಸಿವಿಸಿ ಜಾಸ್ತಿಯಾಯಿತು.

ತಕ್ಕಡಿ ಬಹಳ ಹಳೆಯದು. ಕ್ರಿಸ್ತಪೂರ್ವ 1000ದ ಆಸುಪಾಸಿನ ಬ್ಯಾಬಿಲೋನಿಯಾದ 'ಮುಲ್ ಆಪಿನ್' ಎಂಬ ನಕ್ಷತ್ರಪಟ್ಟಿಯಲ್ಲೇ ಅದಿದೆ. ಅವರ ಭಾಷೆಯಲ್ಲಿ 'ಜಿಬಾನೀತು', ಅಂದರೆ ತಕ್ಕಡಿ. ಅದು ಶಮಾಶ್‌ಗೆ ಸೇರಿದ್ದು. ಶಮಾಶ್ ಅವರ ಸೂರ್ಯದೇವ, ನ್ಯಾಯದ ದೇವರೂ ಅವನೇ. ಎಲ್ಲವನ್ನೂ ಮೇಲಿನಿಂದ ನೋಡುವವನ ಕೈಯಲ್ಲಿ ತಕ್ಕಡಿ!

ಗ್ರೀಕರಿಗೆ ಅಲ್ಲಿ ಕಂಡದ್ದೇ ಬೇರೆ. ಪಕ್ಕದಲ್ಲೇ ವೃಶ್ಚಿಕ ಇದೆಯಲ್ಲ, ಆ ಚೇಳು ಮುಂದಕ್ಕೆ ಚಾಚಿದ ಎರಡು ಇಕ್ಕುಳಗಳು ಅಂತ ಅವರ ಲೆಕ್ಕ. ಕ್ರಿಸ್ತಶಕ 2ನೇ ಶತಮಾನದ ಟಾಲೆಮಿ ಕೂಡ ತನ್ನ ನಕ್ಷತ್ರಪಟ್ಟಿಯಲ್ಲಿ ಅವನ್ನು ಇಕ್ಕುಳ ಎಂದೇ ಕರೆದ. ಆ ಗುರುತು ಇವತ್ತಿಗೂ ಅಳಿಸಿಲ್ಲ. ತುಲಾ ರಾಶಿಯ ಎರಡು ಮುಖ್ಯ ನಕ್ಷತ್ರಗಳಿಗೆ ಅರಬ್ಬರಿಂದ ಬಂದ ಹೆಸರು ಜುಬೆನೆಲ್‌ಜೆನುಬಿ, ಜುಬೆನೆಶಮಾಲಿ. ದಕ್ಷಿಣದ ಇಕ್ಕುಳ, ಉತ್ತರದ ಇಕ್ಕುಳ! ಶಾಂತಸ್ವಭಾವದ ನಮ್ಮ ರಾಶಿ ಒಂದು ಕಾಲಕ್ಕೆ ಚೇಳಿನ ಕೈಯಾಗಿತ್ತು ಅಂತ ಯಾವ ಭವಿಷ್ಯದವರೂ ನನಗೆ ಹೇಳಿರಲಿಲ್ಲ :-)

ತಕ್ಕಡಿಯ ಗ್ರೀಕ್ ಹೆಸರು 'ಜೂಗೋನ್'. ನೊಗಕ್ಕೂ ಅದೇ ಪದ, ತಕ್ಕಡಿಯ ಅಡ್ಡದಂಡಿಗೂ ಅದೇ. 6ನೇ ಶತಮಾನದ ನಮ್ಮ ವರಾಹಮಿಹಿರ 'ಬೃಹಜ್ಜಾತಕ'ದಲ್ಲಿ ರಾಶಿಗಳ ಯವನ ಹೆಸರುಗಳನ್ನು ಕೊಡುವಾಗ ತುಲಾ ರಾಶಿಯನ್ನು 'ಜೂಕ' ಅನ್ನುತ್ತಾನೆ. ಆ ಜೂಗೋನೇ ಸಂಸ್ಕೃತಕ್ಕೆ ಬಂದು ಜೂಕವಾಗಿ ಕೂತಿದೆ. ಅವನ ಪ್ರಕಾರ ಈ ರಾಶಿಯ ರೂಪ ಬರೀ ತಕ್ಕಡಿಯಲ್ಲ, ತಕ್ಕಡಿ ಹಿಡಿದ ಮನುಷ್ಯ. ಕ್ಯಾಲೆಂಡರಿನ ಚಿತ್ರದಲ್ಲಿ ತಕ್ಕಡಿ ತಾನಾಗಿಯೇ ಗಾಳಿಯಲ್ಲಿ ತೂಗುತ್ತಿರುತ್ತದೆ, ಹಿಡಿದವನೇ ಇಲ್ಲ. ಹಿಡಿದವನನ್ನು ಅಳಿಸಿದರೆ ಜವಾಬ್ದಾರಿಯನ್ನೂ ಅಳಿಸಿದ ಹಾಗೆ ಅಲ್ಲವೇ?

ಇನ್ನು ಹಗಲು ರಾತ್ರಿ ಸಮ ಅನ್ನುವ ಮಾತು. ಮೂರು ಸಾವಿರ ವರ್ಷದ ಹಿಂದೆ ಸೂರ್ಯ ಈ ನಕ್ಷತ್ರಗಳ ನಡುವೆ ಇದ್ದಾಗಲೇ ಶರತ್ಕಾಲದ ವಿಷುವ ಬರುತ್ತಿತ್ತು, ಹಾಗಾಗಿ ತಕ್ಕಡಿ ಅಲ್ಲಿಗೆ ಚೆನ್ನಾಗಿಯೇ ಒಪ್ಪುತ್ತಿತ್ತು. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನವಾಗಿ ಓಲಾಡುವುದರಿಂದ ವಿಷುವ ಜರುಗುತ್ತಾ ಬಂದು, ಈಗ ಸೆಪ್ಟೆಂಬರ್ 22-23ರ ಆ ದಿನ ಸೂರ್ಯ ಇರುವುದು ಕನ್ಯಾ ನಕ್ಷತ್ರಪುಂಜದಲ್ಲಿ. ನಮ್ಮ ಪಂಚಾಂಗದ ತುಲಾ ಸಂಕ್ರಮಣ ಬರೋದು ಅಕ್ಟೋಬರ್ 17ರ ಸುಮಾರಿಗೆ, ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವ ಹೊತ್ತಿಗೆ. ಅಷ್ಟರಲ್ಲಿ ರಾತ್ರಿಯೇ ಉದ್ದವಾಗಿರುತ್ತದೆ. ಆಕಾಶದಲ್ಲೂ ಸಮ ಅನ್ನೋದು ಒಂದೆರಡು ದಿನದ ಮಾತು.

ಇದನ್ನೆಲ್ಲ ಓದುವಾಗ ನೆನಪಾಗಿದ್ದು ನಮ್ಮಜ್ಜನ ಕಿರಾಣಿ ಅಂಗಡಿ. ಅಜ್ಜ ಏನನ್ನೇ ತೂಗುವ ಮೊದಲು ಖಾಲಿ ತಕ್ಕಡಿ ಎತ್ತಿ ಗಿರಾಕಿಗೆ ತೋರಿಸುತ್ತಿದ್ದರು. ಎರಡೂ ತಟ್ಟೆ ಸಮ ಇದೆ, ಮುಳ್ಳು ನೆಟ್ಟಗಿದೆ, ತಟ್ಟೆಯ ಅಡಿಗೆ ಹುಣಸೆಹಣ್ಣು ಅಂಟಿಸಿಲ್ಲ, ನೋಡಿಕೋ ಅಂತ. ಆಮೇಲೆ ಕಲ್ಲು ಇಟ್ಟು, ಸಾಮಾನು ಹಾಕಿ, ಮುಳ್ಳು ಎತ್ತ ವಾಲುತ್ತದೋ ಅದನ್ನು ಇದ್ದ ಹಾಗೆ ಹೇಳುತ್ತಿದ್ದರು. ಬೆಲ್ಲ ಕಡಿಮೆ ಇದ್ದರೆ ಕಡಿಮೆ. ಕೊನೆಗೆ ಒಂದು ಚೂರು ಕೊಸರು.

ನಾನು ಮಾಡಿದ್ದೇನು? ತಟ್ಟೆಯಲ್ಲಿ ಏನೇನಿದೆ ಅಂತ ನೋಡಲೇ ಇಲ್ಲ. ದಂಡಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ನೋಡಿ ಎಷ್ಟು ಸಮ ಇದೆ ಅಂದೆ.

ಪುರಾಣದ ತಕ್ಕಡಿಗಳನ್ನೂ ಒಮ್ಮೆ ನೋಡಿ. ಒಂದೂ ಸುಮ್ಮನೆ ನಿಂತಿಲ್ಲ. ಈಜಿಪ್ಟಿನವರ ಕತೆಯಲ್ಲಿ ಸತ್ತವನ ಹೃದಯವನ್ನು ಮಾತ್ ದೇವತೆಯ ಒಂದು ಗರಿಯ ಎದುರು ತೂಗುತ್ತಾರೆ. ಹೃದಯ ಭಾರವಾದರೆ ಪಕ್ಕದಲ್ಲೇ ಕಾದಿರುವ ಮೊಸಳೆಮುಖದ ಅಮ್ಮಿತ್ ಅದನ್ನು ನುಂಗುತ್ತಾಳೆ. ನಮ್ಮ ಸ್ಮೃತಿಗಳಲ್ಲಿ ಬರುವ ತುಲಾ ಪರೀಕ್ಷೆಯಲ್ಲಿ ಆರೋಪ ಹೊತ್ತವನನ್ನು ಎರಡು ಸಲ ತೂಗುತ್ತಿದ್ದರು. ಎರಡನೇ ಸಲ ಅವನ ತಟ್ಟೆ ಮೇಲೆದ್ದರೆ ನಿರಪರಾಧಿ. ಕೃಷ್ಣ ತುಲಾಭಾರದಲ್ಲಿ ಸತ್ಯಭಾಮೆಯ ಅಷ್ಟೂ ಬಂಗಾರಕ್ಕೆ ಕದಲದ ತಕ್ಕಡಿ ರುಕ್ಮಿಣಿಯ ಒಂದು ತುಳಸಿ ಎಲೆಗೆ ವಾಲುತ್ತದೆ. ಬಂಗಾರ ಹಾಕಿದ್ದೇವಲ್ಲ ಅಂತ ಅಣ್ಣ ಹೇಳಿದಾಗ ಈ ಕತೆ ನನಗೆ ನೆನಪಾಗಬೇಕಿತ್ತು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಶಿಬಿ. ಗಿಡುಗ ಅಟ್ಟಿಸಿಕೊಂಡು ಬಂದ ಪಾರಿವಾಳ ಅವನ ತೊಡೆಯ ಮೇಲೆ ಬಂದು ಕೂರುತ್ತದೆ. ಗಿಡುಗವೂ ನ್ಯಾಯವನ್ನೇ ಕೇಳುತ್ತದೆ: ಅದು ನನ್ನ ಆಹಾರ, ನಾನು ಉಪವಾಸ ಸಾಯಲೇ? ನಾನಾಗಿದ್ದರೆ "ಇಬ್ಬರ ಮಾತಲ್ಲೂ ಸತ್ಯ ಇದೆ" ಅಂದುಬಿಡುತ್ತಿದ್ದೆ, ಗಿಡುಗ ಪಾರಿವಾಳವನ್ನು ಎತ್ತಿಕೊಂಡು ಹೋಗುತ್ತಿತ್ತು. ಶಿಬಿ ಪಾರಿವಾಳದ ತೂಕದಷ್ಟು ತನ್ನ ಮಾಂಸ ಕೊಡುತ್ತೇನೆ ಅಂದ. ಕೊಯ್ದು ಹಾಕಿದಷ್ಟೂ ಪಾರಿವಾಳದ ತಟ್ಟೆಯೇ ಭಾರ. ಕೊನೆಗೆ ತಾನೇ ತಕ್ಕಡಿ ಹತ್ತಿದ. ಅಲ್ಲಿ ತೂಗಿದ್ದು ಯಾರು ಸರಿ ಅನ್ನುವುದನ್ನಲ್ಲ. ಆಶ್ರಯ ಬಂದ ಹಕ್ಕಿಯ ಪರ ಅವನು ಮೊದಲೇ ನಿಂತಿದ್ದ, ಅದಕ್ಕೆ ತನ್ನಿಂದ ಎಷ್ಟು ಹೋಗುತ್ತದೆ ಅನ್ನುವುದನ್ನು ತೂಗಿಕೊಂಡ.

"ನಾನು ಯಾರ ಪರವೂ ಅಲ್ಲ" ಅನ್ನೋದನ್ನು ನಾವು ದೊಡ್ಡ ಗುಣ ಅಂದುಕೊಂಡುಬಿಟ್ಟಿದ್ದೇವೆ ಅಂತ ನನಗನ್ನಿಸುತ್ತದೆ. ತೂಗುವ ಮೊದಲು ಯಾರ ಪರವೂ ಇರಬಾರದು, ನಿಜ. ಅಜ್ಜ ಖಾಲಿ ತಕ್ಕಡಿ ತೋರಿಸುತ್ತಿದ್ದದ್ದೂ ಅದಕ್ಕೇ. ತೂಗಿದ ಮೇಲೂ ಯಾರ ಪರವೂ ಇಲ್ಲ ಅಂದರೆ ಅದಕ್ಕೆ ಬೇರೆ ಹೆಸರಿದೆ, ಅಂಜುಬುರುಕುತನ. ನನ್ನ ವಿಷಯದಲ್ಲಿ ಇನ್ನೂ ಒಂದು ಹೆಸರು ಸೇರಿಸಬೇಕು, ಲಾಭ. ನಾನು ಬಾಯಿ ಮುಚ್ಚಿದ್ದಕ್ಕೆ ನನಗೆ ಅರ್ಧ ಎಕರೆ ಹೆಚ್ಚು ಸಿಕ್ಕಿತು.

ನ್ಯಾಯದೇವತೆಯ ಕಣ್ಣಿನ ಬಟ್ಟೆಯ ಕತೆಯೂ ಇಂಥದ್ದೇ. ಅದರ ಹಳೆಯ ಚಿತ್ರಗಳಲ್ಲೊಂದು ಬರುವುದು ಬಾಸೆಲ್‌ನಲ್ಲಿ 1494ರಲ್ಲಿ ಅಚ್ಚಾದ ಒಂದು ವಿಡಂಬನೆಯ ಪುಸ್ತಕದಲ್ಲಿ. ಅಲ್ಲಿ ಮೂರ್ಖನೊಬ್ಬ ನ್ಯಾಯದೇವತೆಗೆ ಕಣ್ಣು ಕಟ್ಟುತ್ತಿದ್ದಾನೆ! ಗೇಲಿಯಾಗಿದ್ದ ಬಟ್ಟೆಯೇ ಆಮೇಲೆ ನಿಷ್ಪಕ್ಷಪಾತದ ಗುರುತಾಯಿತು. 2024ರ ಅಕ್ಟೋಬರ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಹೊಸ ಪ್ರತಿಮೆ ಸುದ್ದಿಯಾಯಿತಲ್ಲ, ಅದರಲ್ಲಿ ಕಣ್ಣಿಗೆ ಬಟ್ಟೆ ಇಲ್ಲ, ಕತ್ತಿಯ ಜಾಗದಲ್ಲಿ ಸಂವಿಧಾನ. ತಕ್ಕಡಿ ಮಾತ್ರ ಹಾಗೇ ಉಳಿಯಿತು. ನೋಡಿ ತೂಗು ಅನ್ನುವ ಈ ರೂಪವೇ ನನಗೆ ಹೆಚ್ಚು ಸರಿ ಅನ್ನಿಸಿತು.

ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಅಂತ 2005ರ ಕಾನೂನೇ ಹೇಳಿದೆ. ಅದು ನನಗೆ ಅವತ್ತೂ ಗೊತ್ತಿತ್ತು. ಅಕ್ಕ ಸಹಿ ಹಾಕಿದ್ದಾಳೆ, ಕಾಗದ ಪಕ್ಕಾ ಇದೆ. ಆದರೆ "ಬೇಡ ಬಿಡಿ" ಅನ್ನುವ ಆ ಎರಡು ಪದದ ತೂಕ ಎಷ್ಟು ಅಂತ ನಾನು ಕೇಳಬೇಕಿತ್ತು.

ಹೋದ ವಾರ ಅಣ್ಣನಿಗೆ ಫೋನ್ ಮಾಡಿ, ನನ್ನ ಪಾಲಿನಲ್ಲಿ ಅರ್ಧ ಎಕರೆ ಅಕ್ಕನ ಹೆಸರಿಗೆ ದಾನಪತ್ರ ಮಾಡುತ್ತೇನೆ ಅಂದೆ. "ನನ್ನನ್ನು ಊರೆದುರು ಕಳ್ಳನ್ನ ಮಾಡ್ತೀಯ?" ಅಂದು ಫೋನ್ ಇಟ್ಟ. ಆಮೇಲೆ ಮಾತಿಲ್ಲ. ಅಕ್ಕನಿಗೆ ಹೇಳಿದರೆ ಅವಳು ಮೊದಲು ಕೇಳಿದ್ದು, "ಅಣ್ಣ ಏನಂದ?" ಅಂತ. ಬೇಡ ಅಂತ ಮಾತ್ರ ಈ ಸಲ ಅನ್ನಲಿಲ್ಲ.

ಶಾಂತಸ್ವಭಾವದವನು ಅನ್ನುವ ಹೆಸರು ಹೋಯಿತು. ಹೋಗಲಿ ಬಿಡಿ. ನಿಮ್ಮಲ್ಲೂ ತುಲಾ ರಾಶಿಯವರು ಇದ್ದೇ ಇರುತ್ತೀರಿ. ನೀವೇನಂತೀರಿ?