ಹಳೆಯ ಎಣ್ಣೆ ಇಂಜಿನ್ನುಗಳ ದುರಸ್ತಿಯೂ ಬಿಡಿಭಾಗಗಳ ಶೋಧವೂ

ಒಕ್ಕಲುತನದ ಯಂತ್ರವನ್ನು ಕೊಳ್ಳುವಾಗ ಜಮೀನುದಾರರು ತೋರಿಸುವ ಆಸ್ಥೆಯು ಅದನ್ನು ಕಾಯ್ದುಕೊಳ್ಳುವಾಗ ಕಂಡುಬರುವದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಕಡೆಯ ಹಳ್ಳಿಗಳಲ್ಲಿ ಹಳೆಯ ಬಾವಿಯ ದಂಡೆಯ ಮೇಲೆ, ದನದ ಕೊಟ್ಟಿಗೆಯ ಮೂಲೆಯಲ್ಲಿ, ಹೊಟ್ಟಿನ ರಾಶಿಯ ಮರೆಗೆ, ಹಿಂದಿನ ತಲೆಮಾರಿನವರು ತಂದಿಟ್ಟ ಎಣ್ಣೆ ಇಂಜಿನ್ನುಗಳು ತುಕ್ಕು ಹಿಡಿದು ನಿಂತಿರುವವು. ಗುಜರಿಯವನು ಬಂದು ತೂಕಕ್ಕೆ ಇಷ್ಟೆಂದು ಬೆಲೆ ಕಟ್ಟಿದ ಕೂಡಲೆ ಮನೆಯವರು, "ಇದರ ಸಾಮಾನು ಈಗ ಎಲ್ಲಿಯೂ ಸಿಗುವದಿಲ್ಲ" ಎಂದು ಹೇಳಿ ಅದನ್ನು ಕೊಟ್ಟುಬಿಡುವರು. ಈ ಮಾತು ಬಹುಮಟ್ಟಿಗೆ ಸುಳ್ಳು. ಸಾಮಾನು ಸಿಗುವದಿಲ್ಲವೆಂಬುದಕ್ಕಿಂತ, ಯಾವ ಸಾಮಾನು ಬೇಕೆಂಬುದನ್ನು ಕೇಳಲು ಬರುವದಿಲ್ಲವೆಂಬುದೇ ನಿಜವಾದ ಸಂಗತಿಯಾಗಿದೆ.

ಇಂಜಿನ್ನುಗಳು ಮೂಲೆಗೆ ಬಿದ್ದದ್ದಕ್ಕೆ ಕಾರಣವಿಲ್ಲದೆ ಇಲ್ಲ. ಊರೂರಿಗೆ ವಿದ್ಯುತ್ತು ಬಂತು; ಸನ್ ೨೦೦೮ರಿಂದ ೧೦ ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ಅದು ಉಚಿತವೂ ಆಯಿತು. ದುಡ್ಡು ಕೊಟ್ಟು ಡೀಸೆಲ್ ಸುಡುವವನನ್ನು ಜನರು ಹುಚ್ಚನೆಂದು ಬಗೆದದ್ದು ಸಹಜವೇ. ಆದರೆ ವಿದ್ಯುತ್ತು ಉಚಿತವಾದರೂ ಅದು ಬರುವ ಹೊತ್ತು ಒಕ್ಕಲಿಗನ ಕೈಯಲ್ಲಿಲ್ಲ. ಸನ್ ೨೦೨೩ರಲ್ಲಿ ರಾಜ್ಯದ ೨೩೬ ತಾಲೂಕುಗಳ ಪೈಕಿ ೨೨೩ ಬರಪೀಡಿತವೆಂದು ಸರಕಾರವು ಸಾರಿತು. ಅಂಥ ವರ್ಷದಲ್ಲಿ ಎರಿಭೂಮಿಯ ಬಿಳಿಜೋಳವು ಹೊಡೆ ತುಂಬುವಾಗ, ಇಲ್ಲವೆ ಕಡಲೆಯು ಕಾಯಿ ಕಟ್ಟುವಾಗ, ಬಾವಿಯಲ್ಲಿಯೋ ಹಳ್ಳದ ಮಡುವಿನಲ್ಲಿಯೋ ಉಳಿದ ನೀರನ್ನು ಒಂದೇ ಒಂದು ಸಲ ಕೊಡಲು ಸಾಧ್ಯವಾದವನ ಬೆಳೆಯೂ ಸಾಧ್ಯವಾಗದವನ ಬೆಳೆಯೂ ಒಂದೇ ಆಗಲಾರದು. ತಂತಿ ಹಾಯದ ಹಳ್ಳದ ದಂಡೆಗೆ ಗಾಡಿಯ ಮೇಲೆ ಹೇರಿಕೊಂಡು ಹೋಗತಕ್ಕ ಯಂತ್ರವೆಂದರೆ ಈ ಎಣ್ಣೆ ಇಂಜಿನ್ನೇ. ವರ್ಷಕ್ಕೆ ಹತ್ತು ದಿನ ಬೇಕಾಗುವ ವಸ್ತುವಿನ ಬೆಲೆಯನ್ನು ಉಳಿದ ದಿನಗಳ ಮೇಲೆ ಎಣಿಸಬಾರದು.

ಕಬ್ಬಿಣದ ಯಂತ್ರದ ವಿಷಯದಲ್ಲಿ ಈ ಸೀಮೆಯು ಹಿಂದುಳಿದದ್ದೂ ಅಲ್ಲ. ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ ಸನ್ ೧೮೬೯ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಮೇವು ಕತ್ತರಿಸುವ ಯಂತ್ರವನ್ನೂ ಸನ್ ೧೯೦೩ರ ಹೊತ್ತಿಗೆ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ಕಬ್ಬಿಣವು ತಾಕಿದರೆ ಭೂಮಿಗೆ ವಿಷವೇರುವದೆಂದು ಆಗಿನ ರೈತರು ಅಂಜಿ ಆ ನೇಗಿಲನ್ನು ಮುಟ್ಟಲು ಹಿಂಜರಿದರು. ಸನ್ ೧೯೧೦ರಲ್ಲಿ ಕಾರಖಾನೆಯು ಔಂಧ ಸಂಸ್ಥಾನದ ಸೀಮೆಗೆ, ಈಗಿನ ಕಿರ್ಲೋಸ್ಕರವಾಡಿಗೆ ಹೋಯಿತು. ಅದೇ ಮನೆತನದ ಎಣ್ಣೆ ಇಂಜಿನ್ನಿನ ಕಂಪನಿಯು ಸನ್ ೧೯೪೬ರಲ್ಲಿ ಪುಣೆಯಲ್ಲಿ ಸ್ಥಾಪಿತವಾಯಿತು. ಗುರ್ಲಹೊಸೂರಿನ ಸುತ್ತಲಿನ ಹೊಲಗಳಲ್ಲಿಯೇ ಆ ಹೆಸರಿನ ಇಂಜಿನ್ನು ಗುಜರಿಯ ಗಾಡಿಯನ್ನೇರುವದು ಶೋಭೆಯ ಸಂಗತಿಯಲ್ಲ. ಆದರೆ ಶೋಭೆಯ ಮಾತು ಒತ್ತಟ್ಟಿಗಿರಲಿ, ಲಾಭದ ಮಾತನ್ನೇ ನೋಡುವದು ಯುಕ್ತ.

ಬಿಡಿಭಾಗಗಳ ಶೋಧವು ಇಂಜಿನ್ನಿನ ಕುಲವನ್ನು ಅರಿಯುವದರಿಂದ ಆರಂಭವಾಗತಕ್ಕದ್ದು. ನಮ್ಮ ಕಡೆ ಹೆಚ್ಚಾಗಿ ಕಾಣುವವು ಎರಡು ಕುಲದವು. ಒಂದನೆಯದು ಲಿಸ್ಟರ್ ಜಾತಿಯದು. ಇಂಗ್ಲೆಂಡಿನ ಡರ್ಸ್ಲಿ ಎಂಬಲ್ಲಿಯ ಲಿಸ್ಟರ್ ಕಂಪನಿಯವರು ಸನ್ ೧೯೩೦ರ ಸುಮಾರಿಗೆ ಹೊರತಂದ ಈ ಇಂಜಿನ್ನು ಎರಡು ಭಾರವಾದ ಗಾಲಿಗಳನ್ನು ಹೊತ್ತು ಮಿನಿಟಿಗೆ ೬೫೦ ಸುತ್ತು ಸಾವಕಾಶವಾಗಿ ತಿರುಗುವದು. ೬ ಅಶ್ವಶಕ್ತಿಯ ಇಂಜಿನ್ನಿನ ಸಿಲಿಂಡರಿನ ಒಳಅಗಲ ೪½ ಅಂಗುಲ, ಪಿಸ್ಟನ್ನಿನ ಓಟ ೫½ ಅಂಗುಲ. ರಾಜಕೋಟದ ಕಾರಖಾನೆಗಳು ಇದೇ ಮಾದರಿಯನ್ನು ದಶಕಗಟ್ಟಲೆ ಎರಕ ಹೊಯ್ದದ್ದರಿಂದ ಇದರ ಸಾಮಾನುಗಳಿಗೆ ಬರವೇ ಇಲ್ಲ. ಎರಡನೆಯದು ಮಿನಿಟಿಗೆ ೧೫೦೦ ಸುತ್ತು ತಿರುಗುವ ಸಣ್ಣ ಗಾತ್ರದ್ದು. ಕಿರ್ಲೋಸ್ಕರ ಎವಿ ೧ ಎಂಬ ೫ ಅಶ್ವಶಕ್ತಿಯ ಇಂಜಿನ್ನು ಈ ಕುಲಕ್ಕೆ ಸೇರಿದ್ದು. ಅದರ ಒಳಅಗಲ ೮೦ ಮಿಲಿಮೀಟರು, ಓಟ ೧೧೦ ಮಿಲಿಮೀಟರು. ನೋಡಲು ಎರಡೂ ಕಪ್ಪು ಕಬ್ಬಿಣದ ದಿಮ್ಮಿಗಳೇ; ಆದರೆ ಒಂದರ ಉಂಗುರ ಇನ್ನೊಂದಕ್ಕೆ ಕೂಡುವದಿಲ್ಲ.

ಇಂಜಿನ್ನಿನ ಮೈಮೇಲೆ ಬಡಿದಿರುವ ಚಿಕ್ಕ ಫಲಕದಲ್ಲಿ ಮಾದರಿ, ಅಶ್ವಶಕ್ತಿ, ಸುತ್ತು, ಅನುಕ್ರಮ ಸಂಖ್ಯೆ ಇವಿಷ್ಟೂ ಇರುವವು. ಜನರು ಇದನ್ನು ಓದುವದೇ ಇಲ್ಲ. ಎಷ್ಟೋ ಇಂಜಿನ್ನುಗಳಲ್ಲಿ ಅದರ ಮೇಲೆ ಮೂರು ಸಲ ಬಣ್ಣ ಬಳಿದು ಅಕ್ಷರಗಳನ್ನು ಮುಚ್ಚಿರುವರು. ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ಒರೆಸಿ, ಬಣ್ಣವನ್ನು ಮೆಲ್ಲಗೆ ಕೆರೆದರೆ ಅಂಕಿಗಳು ಮೂಡುವವು. ಫಲಕವೇ ಇಲ್ಲದಿದ್ದರೆ ತಲೆಯನ್ನು ಬಿಚ್ಚಿ, ಸಿಲಿಂಡರಿನ ತುದಿಯಲ್ಲಿ, ಉಂಗುರಗಳು ಓಡಾಡದ ಅಂಚಿನಲ್ಲಿ ಒಳಅಗಲವನ್ನು ಅಳೆಯಬೇಕು. ಕೆಳಗೆ ಅಳೆದರೆ ಸವೆತವೂ ಸೇರಿ ತಪ್ಪು ಲೆಕ್ಕ ಬರುವದು. ಪಿಸ್ಟನ್ನು ಅತಿ ಮೇಲೆ ಬಂದಾಗಿನ ಗುರುತಿಗೂ ಅತಿ ಕೆಳಗೆ ಹೋದಾಗಿನ ಗುರುತಿಗೂ ನಡುವಣ ಅಂತರವೇ ಓಟ. ಈ ಎರಡು ಅಂಕಿಗಳನ್ನು ಹೇಳಿದರೆ ತಿಳಿದ ಅಂಗಡಿಕಾರನು ಫಲಕವನ್ನು ಕೇಳುವದಿಲ್ಲ. ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಹಳೆಯ ವಿಲಾಯತಿ ಇಂಜಿನ್ನುಗಳ ನಟ್ಟು ಬೋಲ್ಟುಗಳ ಸುತ್ತುಗಳು ಅಂಗುಲದ ಅಳತೆಯವು. ಮಿಲಿಮೀಟರಿನ ಬೋಲ್ಟನ್ನು ತಂದು, ಎರಡು ಸುತ್ತು ಹೋಯಿತೆಂದು ಹಿಗ್ಗಿ, ಪಾನೆಗೆ ಪೈಪು ಹಾಕಿ ಬಿಗಿಯುವ ಪದ್ಧತಿಯಿಂದ ಕೆಟ್ಟಿರುವ ಸಿಲಿಂಡರುಗಳು ಸವೆತದಿಂದ ಕೆಟ್ಟವುಗಳಿಗಿಂತ ಕಡಿಮೆಯಿಲ್ಲ.

ಸಾಮಾನಿಗಾಗಿ ಹೊರಡುವವನು ಹಳೆಯ ಭಾಗವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗತಕ್ಕದ್ದು. ಅದು ಮುರಿದಿದ್ದರೂ ಸರಿಯೆ; ಚೂರುಗಳನ್ನೆಲ್ಲ ಚೀಲದಲ್ಲಿ ಕಟ್ಟಿಕೊಂಡು ಹೋಗಬೇಕು. ಕೊಲ್ಲಾಪುರವು ಸಮೀಪದ ದೊಡ್ಡ ಪೇಟೆ. ಅಲ್ಲಿ ಸಿಗದ್ದು ರಾಜಕೋಟದಿಂದ ತರಿಸಿದರೆ ಬರುವದು. ಆಗ್ರಾದಲ್ಲಿಯೂ ಈ ಉದ್ಯೋಗವು ಹಳೆಯದು. ಫಲಕದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಕಳಿಸುವ ಸೌಕರ್ಯವು ಹಿಂದಿನವರಿಗೆ ಇರಲಿಲ್ಲ. ಅಷ್ಟರ ಮೇಲೂ "ಸಿಗುವದಿಲ್ಲ" ಎನ್ನುವವನು ಹುಡುಕಿದವನೇ ಅಲ್ಲ. ಪೇಟೆಯಲ್ಲಿ ಇಲ್ಲದ ಎರಕದ ಭಾಗಗಳನ್ನು, ಎಂದರೆ ನೀರಿನ ಕವಚ, ಮುಚ್ಚಳ, ರಾಟೆ, ಬೇರಿಂಗಿನ ಮನೆ ಮುಂತಾದವುಗಳನ್ನು ಬೆಳಗಾವಿಯ ಉದ್ಯಮಬಾಗದ ಕಡೆಯ ಎರಕದ ಕಾರಖಾನೆಗಳಲ್ಲಿ ಹೊಸದಾಗಿ ಹೊಯ್ಯಿಸಬಹುದು. ಆದರೆ ಹಳೆಯ ಭಾಗವನ್ನೇ ಅಚ್ಚಿನಂತೆ ಮರಳಿನಲ್ಲಿ ಒತ್ತಿದರೆ ಹೊಸದು ಚಿಕ್ಕದಾಗಿ ಬರುವದೆಂಬುದನ್ನು ಮರೆಯಲಾಗದು. ಬೀಡುಕಬ್ಬಿಣವು ಆರುವಾಗ ನೂರಕ್ಕೆ ಒಂದರಷ್ಟು ಕುಗ್ಗುವದು. ಆದುದರಿಂದ ಬಡಿಗನಿಂದ ಆ ಪ್ರಮಾಣದಲ್ಲಿ ಹಿಗ್ಗಿಸಿದ ಕಟ್ಟಿಗೆಯ ಮಾದರಿಯನ್ನು ಮಾಡಿಸಿ, ಲೇಥಿನಲ್ಲಿ ಕಡೆಯುವ ಮೈಗಳಿಗೆ ಇನ್ನಷ್ಟು ದಪ್ಪವನ್ನು ಬಿಡಿಸಬೇಕು. ಆ ಮಾದರಿಯನ್ನು ಒಲೆಗೆ ಹಾಕದೆ ಕಾಯ್ದಿಟ್ಟರೆ ಅಂಥದೇ ಇಂಜಿನ್ನಿರುವ ಸುತ್ತಲಿನ ಹತ್ತೂರಿಗೆ ಉಪಯೋಗವಾಗುವದು.

ಅಗ್ಗದ ಸಾಮಾನಿನ ಬಗ್ಗೆ ಎರಡು ಮಾತು. ಎಣ್ಣೆಯ ಡಬ್ಬಿ, ಕೊಳವೆ, ಹೊದಿಕೆಯ ತಗಡು ಇವುಗಳಲ್ಲಿ ಉಳಿತಾಯ ಮಾಡಿದರೆ ಕೇಡಿಲ್ಲ. ನಾಜಲ್, ಎಣ್ಣೆಪಂಪಿನ ಒಳಭಾಗ, ಬೇರಿಂಗು, ಪಿಸ್ಟನ್ನಿನ ಉಂಗುರ ಈ ನಾಲ್ಕರಲ್ಲಿ ಉಳಿತಾಯ ಮಾಡತಕ್ಕವನು ಮುಂದಿನ ವರ್ಷ ಮತ್ತೆ ಅಂಗಡಿಗೆ ಬರುವನು. ಹೆಸರಾದ ಕಂಪನಿಯ ಪೆಟ್ಟಿಗೆಯಲ್ಲಿ ಹೆಸರಿಲ್ಲದ ಮಾಲನ್ನು ತುಂಬಿ ಮಾರುವವರೂ ಇರುವರು. ಉಂಗುರವನ್ನು ಪಿಸ್ಟನ್ನಿಗೆ ಏರಿಸುವ ಮುಂಚೆ ಬರೀ ಸಿಲಿಂಡರಿನಲ್ಲಿ ಇಳಿಸಿ, ಅದರ ಎರಡು ತುದಿಗಳ ನಡುವಣ ಸಂದಿಯನ್ನು ತೆಳುವಾದ ಉಕ್ಕಿನ ಪಟ್ಟಿಯಿಂದ ನೋಡಬೇಕು. ೮೦ ಮಿಲಿಮೀಟರಿನ ಸಿಲಿಂಡರಿಗೆ ಸುಮಾರು ೦.೩ ಮಿಲಿಮೀಟರು ಸಂದಿಯಿರುವದು ಯೋಗ್ಯ. ಸಂದಿಯೇ ಇಲ್ಲದಿದ್ದರೆ ಉಂಗುರವು ಕಾದು ಹಿಗ್ಗಿ ಸಿಲಿಂಡರನ್ನು ಕೆರೆಯುವದು. ಅತಿಯಾಗಿದ್ದರೆ ಬಿಗಿಯು ನಿಲ್ಲದು. ಈ ಪರೀಕ್ಷೆಗೆ ಐದು ಮಿನಿಟು ಸಾಕು. ಮಿಸ್ತ್ರಿಯು ಇದನ್ನು ಮಾಡದೆ ಉಂಗುರ ಏರಿಸಿದರೆ ಯಜಮಾನನು ಅಲ್ಲಿಯೇ ತಡೆಯತಕ್ಕದ್ದು.

ಬಿಚ್ಚುವ ಆತುರವೂ ಒಂದು ರೋಗವೇ. ಇಂಜಿನ್ನು ತಿರುಗುತ್ತಿದ್ದರೆ ಮೊದಲು ಅದರ ಹೊಗೆಯನ್ನು ನೋಡಬೇಕು. ಹೊಗೆಯು ಕಪ್ಪಾಗಿದ್ದರೆ ಭಾರ ಹೆಚ್ಚಾಗಿದೆ, ಇಲ್ಲವೆ ನಾಜಲು ಸರಿಯಾಗಿ ಸಿಂಪಡಿಸುತ್ತಿಲ್ಲ, ಇಲ್ಲವೆ ಗಾಳಿಯ ಜಾಳಿಗೆಯು ಕಟ್ಟಿದೆ. ನೀಲಿಯಾಗಿದ್ದರೆ ಕೀಲೆಣ್ಣೆ ಉರಿಯುತ್ತಿದೆ, ಎಂದರೆ ಉಂಗುರ ಸವೆದಿವೆ. ಕಾದ ಮೇಲೆಯೂ ಬಿಳಿ ಹೊಗೆ ನಿಲ್ಲದಿದ್ದರೆ ಎಣ್ಣೆಯು ಉರಿಯದೆ ಹೊರಬೀಳುತ್ತಿದೆ ಅಥವಾ ನೀರು ಒಳಸೇರುತ್ತಿದೆ. ಲಿಸ್ಟರ್ ಜಾತಿಯ ೬ ಅಶ್ವಶಕ್ತಿಯ ಇಂಜಿನ್ನು ಪೂರ್ಣ ಭಾರದಲ್ಲಿ ತಾಸಿಗೆ ಸುಮಾರು ಒಂದೂವರೆ ಲೀಟರು ಡೀಸೆಲ್ ಕುಡಿಯುವದು ರೂಢಿ. ಎರಡು ಲೀಟರು ದಾಟಿದರೆ ಮಾತ್ರ ಬಿಚ್ಚಲು ಕಾರಣ ಉಂಟು. ನಾಜಲಿನ ಸಿಂಪಡಿಕೆಯನ್ನು ಪರೀಕ್ಷಿಸುವಾಗ ಬೆರಳನ್ನು ಎದುರಿಗೆ ಹಿಡಿಯುವ ಹುಡುಗರನ್ನು ಗದರಿಸಿ ಹಿಂದೆ ಸರಿಸಬೇಕು. ಆ ಒತ್ತಡದಲ್ಲಿ ಎಣ್ಣೆಯು ಚರ್ಮವನ್ನು ತೂರಿ ಒಳಗೆ ಹೋಗುವದು, ಗಾಯವು ಹೊರಗೆ ಸಾಸಿವೆಯಷ್ಟು ಕಂಡರೂ ಬೆರಳನ್ನೇ ಕಳೆಯಬೇಕಾದೀತು.

ಸನ್ ೨೦೧೯ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ಮುನವಳ್ಳಿ, ರಾಮದುರ್ಗಗಳ ಕಡೆ ಹರಿದಾಗ ನದಿಯ ದಂಡೆಯ ಯಂತ್ರಗಳು ಕೆಸರಿನಲ್ಲಿ ಹೂತವು. ನೀರಿನಲ್ಲಿ ಮುಳುಗಿದ ಇಂಜಿನ್ನನ್ನು ಮೇಲೆತ್ತಿದ ಕೂಡಲೆ "ತಿರುಗುವದೋ ನೋಡೋಣ" ಎಂದು ಹ್ಯಾಂಡಲು ಹಾಕುವದು ಅದನ್ನು ಕೊಂದಂತೆಯೇ. ಸಿಲಿಂಡರಿನಲ್ಲಿ ನಿಂತ ನೀರು ಅಮುಕಲ್ಪಡದ ವಸ್ತುವಾದ್ದರಿಂದ ಪಿಸ್ಟನ್ನಿನ ದಂಡವೇ ಬಾಗುವದು. ಕೆಸರಿನ ಮರಳು ಬೇರಿಂಗನ್ನು ಅರೆಯುವದು. ಮೊದಲು ಕೆಳಗಿನ ಬಿರಡೆಯನ್ನು ತೆಗೆದು ಕೀಲೆಣ್ಣೆಯನ್ನೂ ನೀರನ್ನೂ ಬಸಿಯಬೇಕು. ನಾಜಲನ್ನು ತೆಗೆದು ಸಿಲಿಂಡರಿನಲ್ಲಿ ಡೀಸೆಲ್ ಹೊಯ್ದು, ಕೈಯಿಂದಲೇ ಗಾಲಿಯನ್ನು ಸಾವಕಾಶವಾಗಿ ತಿರುಗಿಸಬೇಕು. ಎಣ್ಣೆಯ ಡಬ್ಬಿ, ಸೋಸಣಿಗೆ, ಕೊಳವೆಗಳನ್ನು ಬಿಚ್ಚಿ ತೊಳೆಯಬೇಕು. ಇಷ್ಟನ್ನು ಮೊದಲನೆಯ ದಿನವೇ ಮಾಡಿದರೆ ಉಳಿದ ದುರಸ್ತಿಯನ್ನು ತಿಂಗಳ ಮೇಲೆ ಮಾಡಿದರೂ ನಡೆದೀತು. ಮಾಡದೆ ಬಿಟ್ಟರೆ ಕೆಲವು ದಿನಗಳಲ್ಲಿಯೇ ಪಿಸ್ಟನ್ನು ತುಕ್ಕಿನಿಂದ ಸಿಲಿಂಡರಿಗೆ ಕಚ್ಚಿಕೊಳ್ಳುವದು.

ಎಲ್ಲ ಹಳೆಯ ಯಂತ್ರವೂ ದುರಸ್ತಿಗೆ ಯೋಗ್ಯವೆಂದು ಹೇಳುವದು ಈ ಬರಹದ ಉದ್ದೇಶವಲ್ಲ. ಬಾಗುದಂಡವು ಸೀಳಿದ್ದರೆ, ಬೇರಿಂಗು ಕೂಡುವ ಸ್ಥಳದಲ್ಲಿಯೇ ಮೈಯು ಬಿರಿದಿದ್ದರೆ, ಅಂಥದನ್ನು ಬಿಚ್ಚಿ ಒಳ್ಳೆಯ ಭಾಗಗಳನ್ನು ತೆಗೆದಿಟ್ಟುಕೊಂಡು ಉಳಿದದ್ದನ್ನು ಗುಜರಿಗೆ ಕೊಡುವದೇ ಜಾಣತನ. ನೀರಿನ ಕವಚದ ಬಿರುಕಾದರೆ ಹಾಗಲ್ಲ. ಬಿರುಕಿನ ಎರಡೂ ತುದಿಗಳಲ್ಲಿ ಸಣ್ಣ ತೂತು ಕೊರೆದು ಅದು ಮುಂದುವರಿಯದಂತೆ ತಡೆದು, ನಿಕಲ್ ಕಡ್ಡಿಯಿಂದ ಗೇಣುದ್ದಕ್ಕೆ ಬದಲು ಅಂಗುಲ ಅಂಗುಲವಾಗಿ, ನಡುನಡುವೆ ಆರಗೊಟ್ಟು ಬೆಸೆಯಬಲ್ಲವರು ಇರುವರು. ಕಿತ್ತೂರಿನ ಪಶ್ಚಿಮಕ್ಕೆ ಗಿಡಮರಗಳಿರುವ ಜಮೀನುದಾರರಲ್ಲಿ ಕೆಲವರು ಮರ ಕೊಯ್ಯುವ ಹಳೆಯ ಸರಪಳಿ ಗರಗಸಗಳನ್ನೂ ಹೀಗೆಯೇ ಎಬ್ಬಿಸಬಯಸುವರು. ಅವುಗಳಿಗೆ ಸರಪಳಿಯನ್ನು ತರುವಾಗ ಸಾಲಾದ ಮೂರು ರಿವೆಟ್ಟುಗಳ ಅಂತರವನ್ನು ಅಳೆದು ಅರ್ಧಮಾಡಿದ ಅಂಕಿಯನ್ನೂ, ಪಟ್ಟಿಯ ಸಂದಿಯ ಅಗಲವನ್ನೂ, ಕೆಳಹಲ್ಲುಗಳ ಸಂಖ್ಯೆಯನ್ನೂ ಹೇಳಿದರೆ ಸಾಕು. ಆದರೆ ಸರಪಳಿಯನ್ನು ತಟ್ಟನೆ ನಿಲ್ಲಿಸುವ ತಡೆ ಇಲ್ಲದ ಗರಗಸವು ಕೈಯಲ್ಲಿ ಪುಟಿದರೆ ಮೋರೆಗೆ ಬರುವದು. ಅಂಥದನ್ನು ಎಷ್ಟು ಚೆನ್ನಾಗಿ ದುರಸ್ತಿ ಮಾಡಿದರೂ ಆಳಿನ ಕೈಗೆ ಕೊಡಲಾಗದು. ಮರ ಕಡಿಯಲು ಸನ್ ೧೯೭೬ರ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಪರವಾನಿಗೆ ಬೇಕಾಗುವದೆಂಬುದೂ ಜ್ಞಾಪಕದಲ್ಲಿರಲಿ.

ಇಂಜಿನ್ನನ್ನು ಬದಲಿಸಿದವರು ರಾಟೆಯನ್ನು ಬದಲಿಸಲು ಮರೆಯುವದು ಹೆಚ್ಚು. ೬೫೦ ಸುತ್ತಿನ ಇಂಜಿನ್ನಿನ ದೊಡ್ಡ ರಾಟೆಯನ್ನು ೧೫೦೦ ಸುತ್ತಿನ ಇಂಜಿನ್ನಿಗೆ ಹಾಕಿದರೆ ಪಂಪು ಎರಡು ಪಟ್ಟಿಗೂ ಮಿಕ್ಕಿ ತಿರುಗಲು ಹವಣಿಸುವದು. ಪಂಪಿನ ಸುತ್ತು ನೂರಕ್ಕೆ ಹತ್ತು ಹೆಚ್ಚಾದರೆ ಅದು ಬೇಡುವ ಶಕ್ತಿಯು ನೂರಕ್ಕೆ ಮೂವತ್ತಮೂರು ಹೆಚ್ಚುವದು. ಆಗ ಇಂಜಿನ್ನು ಕಪ್ಪು ಹೊಗೆ ಕಾರಿ ನಿಲ್ಲುವದು, ಜನರು ಅದನ್ನು ಕೆಟ್ಟಿತೆನ್ನುವರು.

ಒಬ್ಬೊಬ್ಬನೇ ಸಾಮಾನಿಗಾಗಿ ಕೊಲ್ಲಾಪುರಕ್ಕೆ ಓಡುವದು ದುಬಾರಿಯ ಕೆಲಸ. ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸನ್ ೧೯೦೫ರಲ್ಲಿ ದೇಶದ ಮೊದಲನೆಯ ಕೃಷಿ ಪತ್ತಿನ ಸಹಕಾರಿ ಸಂಘವನ್ನು ನಿಲ್ಲಿಸಿದವರು ಒಬ್ಬ ಊರಗೌಡರೇ. ಸಿದ್ದನಗೌಡ ಪಾಟೀಲರು ಆ ಕಾಲಕ್ಕೆ ಸಾಲದ ಬಾಧೆಗಾಗಿ ಮಾಡಿದ ಏರ್ಪಾಡನ್ನು ಈ ಕಾಲದ ಗೌಡರೂ ಪಂಚಾಯತಿಯ ಹಿರಿಯರೂ ತಮ್ಮೂರಿನ ಸಂಘದ ಮೂಲಕ ಬಿಡಿಭಾಗಗಳಿಗಾಗಿ ಮಾಡಲು ಅಡ್ಡಿಯೇನು? ಸಂಘದ ಒಂದು ಕಪಾಟಿನಲ್ಲಿ ಆ ಊರಿನ ಎರಡು ಕುಲಗಳಿಗೆ ಬೇಕಾಗುವ ತಲೆಯ ಗ್ಯಾಸ್ಕೆಟ್ಟು, ಉಂಗುರಗಳ ಜೋಡಿ, ನಾಜಲು, ವಾಲ್ವಿನ ಸ್ಪ್ರಿಂಗು, ಸೋಸಣಿಗೆ ಇಷ್ಟನ್ನೇ ಇಟ್ಟರೂ ಹಿಂಗಾರಿಯ ನಡುವೆ ಇಂಜಿನ್ನು ನಿಂತವನಿಗೆ ನಾಲ್ಕು ದಿನ ಉಳಿಯುವವು. ಬೆಲೆಯನ್ನು ಬಳಸಿದವನು ಕೊಡಲಿ. ಮುದಿಯಾಗುತ್ತಿರುವ ಮಿಸ್ತ್ರಿಯ ಕೈಕೆಳಗೆ ಊರಿನ ಒಬ್ಬ ಹುಡುಗನನ್ನು ಬಿಡುವ ವಿಷಯದಲ್ಲಿ ಮಾತ್ರ ಕೈ ಬಿಗಿಹಿಡಿಯಬಾರದು. ಕಲಿಯುವ ದಿನಗಳ ಕೂಲಿಯನ್ನು ಇಂಜಿನ್ನುಳ್ಳವರೆಲ್ಲ ಹಂಚಿಕೊಂಡರೆ ಒಬ್ಬನಿಗೂ ಭಾರವಾಗದು.

ಇದಕ್ಕೆ ಮೊದಲು ಬೇಕಾದದ್ದು ಒಂದು ದಫ್ತರ. ಯಜಮಾನನ ಹೆಸರು, ಇಂಜಿನ್ನಿನ ಮಾದರಿ, ಅನುಕ್ರಮ ಸಂಖ್ಯೆ, ಅಶ್ವಶಕ್ತಿ, ಸುತ್ತು, ಒಳಅಗಲ, ಓಟ, ರಾಟೆಯ ವ್ಯಾಸ, ಕೊನೆಯ ದುರಸ್ತಿಯ ತಾರೀಖು ಇಷ್ಟು ಕಲಮುಗಳು ಸಾಕು. ಖಂಡೇನವಮಿಯ ದಿನ ಎಲ್ಲರೂ ಇಂಜಿನ್ನನ್ನು ತೊಳೆದು, ಕುಂಕುಮ ಭಂಡಾರಗಳನ್ನು ಹಚ್ಚಿ ಪೂಜಿಸುವರು. ಬಹಳ ಕಡೆ ಕುಂಕುಮವು ಬೀಳುವದು ಆ ಫಲಕದ ಮೇಲೆಯೇ. ಆ ದಿನ ಪೂಜೆಗೆ ಮುಂಚೆ ತಳವಾರನನ್ನೋ ಶಾಲೆಯ ದೊಡ್ಡ ಹುಡುಗರನ್ನೋ ಕಳಿಸಿ ಫಲಕಗಳ ಅಂಕಿಗಳನ್ನು ಬರೆಯಿಸಿಕೊಂಡರೆ ಸಂಜೆಯೊಳಗೆ ಊರಿನ ದಫ್ತರವು ಸಿದ್ಧವಾಗುವದು.