ಕ್ಲಾಯ್ನ್ ಊರಿಗೆ ಬಾರದ ಪಾರಿತೋಷಕ

ಐರ್ಲೆಂಡಿನ ದಕ್ಷಿಣಕ್ಕೆ, ಕಾರ್ಕ್ ಜಿಲ್ಲೆಯ ಪೂರ್ವಭಾಗದಲ್ಲಿ, ಕ್ಲಾಯ್ನ್ ಎಂಬ ಪುಟ್ಟ ಊರೊಂದುಂಟು. ಹಳೆಯದೊಂದು ದೇವಾಲಯ, ಅದರ ಸಮೀಪದಲ್ಲಿ ಶತಮಾನಗಳಿಂದ ನಿಂತಿರುವ ದುಂಡು ಗೋಪುರ, ಸುತ್ತಲೂ ಹೊಲಗದ್ದೆ: ಇಷ್ಟೇ ಅಲ್ಲಿಯ ವೈಭವ. ತತ್ತ್ವಶಾಸ್ತ್ರವನ್ನು ಓದಿದವರಿಗೆ ಊರಿನ ಹೆಸರು ಅಪರಿಚಿತವಲ್ಲ. ನೋಡುವ ಮನಸ್ಸಿಲ್ಲದೆ ನೋಟದ ವಸ್ತುವಿಲ್ಲವೆಂದು ವಾದಿಸಿದ ಜಾರ್ಜ್ ಬರ್ಕ್ಲಿ 1734ರಿಂದ ಸುಮಾರು ಇಪ್ಪತ್ತು ವರ್ಷ ಇಲ್ಲಿಯ ಬಿಷಪ್ಪನಾಗಿದ್ದ. ಆದರೆ ಊರಿನ ಅಭಿಮಾನವೆಲ್ಲ ಆ ದಾರ್ಶನಿಕನ ಮೇಲಲ್ಲ. ಕೈಯಲ್ಲಿ ಕೋಲು ಹಿಡಿದು ಪ್ರತಿಮೆಯಾಗಿ ನಿಂತಿರುವ ಒಬ್ಬ ಲಾರಿ ಚಾಲಕನ ಮೇಲೆ. ಆತನ ಹೆಸರು ಕ್ರಿಸ್ಟಿ ರಿಂಗ್. 1920ರಲ್ಲಿ ಹುಟ್ಟಿದ ಆತ ಹರ್ಲಿಂಗ್ ಆಟದ ಅತಿ ಶ್ರೇಷ್ಠ ಆಟಗಾರನೆಂದು ಇಂದಿಗೂ ಅನೇಕರ ಮತ.

ಹರ್ಲಿಂಗ್ ಎಂದರೆ ನಮ್ಮ ಹಾಕಿಯ ಅಣ್ಣನೆನ್ನಬಹುದಾದ ಆಟ. ಆದರೆ ಅಣ್ಣನ ಸ್ವಭಾವ ಬಲು ಒರಟು. ಆಶ್ ಮರದಿಂದ ಮಾಡಿದ, ತುದಿ ಅಗಲವಾದ ಕೋಲು. ಒಳಗೆ ಬೆಂಡು, ಹೊರಗೆ ತೊಗಲು ಹೊಲಿದ ಚೆಂಡು. ಪಕ್ಷಕ್ಕೆ ಹದಿನೈದು ಜನ. ಹಾಕಿಯಲ್ಲಿ ಚೆಂಡು ನೆಲ ಬಿಟ್ಟೆದ್ದರೆ ಗಾಬರಿ. ಇಲ್ಲಿ ಅದು ಮುಗಿಲಲ್ಲೇ ಹಾರಾಡಬೇಕು. ಎದುರಾಳಿಯ ಎರಡು ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿನಿಂದ ಚೆಂಡು ದಾಟಿದರೆ ಒಂದು ಅಂಕ, ಅಡ್ಡಪಟ್ಟಿಯ ಕೆಳಗೆ ಬಲೆಗೆ ಬಿದ್ದರೆ ಗೋಲು, ಅಂದರೆ ಮೂರು ಅಂಕ. ಆಡುವವರು ಯಾರೂ ಆಟದಿಂದ ಸಂಬಳ ಪಡೆಯುವವರಲ್ಲ. ಶಾಲೆಯ ಉಪಾಧ್ಯಾಯ, ಬ್ಯಾಂಕಿನ ಗುಮಾಸ್ತ, ರೈತನ ಮಗ ಸಂಜೆ ಕೆಲಸ ಮುಗಿಸಿ ಕೋಲು ಹಿಡಿದು ಬಯಲಿಗೆ ಬರುತ್ತಾರೆ. ತಮ್ಮ ಊರಿನ ಕ್ಲಬ್ಬಿಗೆ ಆಡುವುದು ಅಲ್ಲಿ ಹುಟ್ಟಿನೊಡನೆ ಬಂದ ಹಕ್ಕು. ಒಂದು ಬಗೆಯ ಋಣವೂ ಹೌದು.

1884ರಲ್ಲಿ ಥರ್ಲ್ಸ್ ಪಟ್ಟಣದ ಹೋಟೆಲೊಂದರಲ್ಲಿ ಮೈಕೇಲ್ ಕ್ಯೂಸಾಕ್ ಮೊದಲಾದವರು ಸೇರಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ನನ್ನು ಸ್ಥಾಪಿಸಿದರು. ಬ್ರಿಟಿಷರ ಆಳ್ವಿಕೆಯಲ್ಲಿ ನಾಡಿನ ಆಟಗಳು ಮೂಲೆಗುಂಪಾಗುತ್ತಿದ್ದ ಕಾಲವದು. ಮೂರೇ ವರ್ಷಗಳಲ್ಲಿ, 1887ರಲ್ಲಿ, ಕಾರ್ಕ್ ಜಿಲ್ಲೆಯ ಕ್ಲಬ್ಬುಗಳ ಹರ್ಲಿಂಗ್ ಚಾಂಪಿಯನ್‌ಷಿಪ್ ಆರಂಭವಾಯಿತು. ಗೆದ್ದವರಿಗೆ ದೊರೆಯುವ ಪಾರಿತೋಷಕಕ್ಕೆ, ಆಟಗಾರನಾಗಿ ಮೆರೆದು ಅನಂತರ ದೀರ್ಘಕಾಲ ಜಿಲ್ಲಾ ಮಂಡಲಿಯ ಕಾರ್ಯದರ್ಶಿಯಾಗಿದ್ದ ಶಾನ್ ಓಗ್ ಮರ್ಫಿಯ ಹೆಸರು.

ಈ ಪಾರಿತೋಷಕದ ಚರಿತ್ರೆಯ ಬಹುಭಾಗ ಕಾರ್ಕ್ ನಗರದ ಮೂರು ಕ್ಲಬ್ಬುಗಳ ಚರಿತ್ರೆ. ಲೀ ನದಿಯ ದಡದ ಬ್ಲ್ಯಾಕ್‌ರಾಕ್ ಮೂವತ್ತಕ್ಕೂ ಹೆಚ್ಚು ಸಲ ಗೆದ್ದಿದೆ. ದಕ್ಷಿಣ ಭಾಗದ ಸೇಂಟ್ ಫಿನ್‌ಬಾರ್ಸ್, ಉತ್ತರದ ಬ್ಲ್ಯಾಕ್‌ಪೂಲ್ ಬಡಾವಣೆಯ ಗ್ಲೆನ್ ರೋವರ್ಸ್ ಇಪ್ಪತ್ತೈದನ್ನು ದಾಟಿವೆ. ಮೂರರಲ್ಲಿ ಕಿರಿಯದಾದ ಗ್ಲೆನ್ ಹುಟ್ಟಿದ್ದು 1916ರಲ್ಲಿ. ಹದಿನೆಂಟು ವರ್ಷ ಕಾದು 1934ರಲ್ಲಿ ಅದು ಮೊದಲ ಬಾರಿಗೆ ಗೆದ್ದಿತು. ಆಮೇಲೆ ಸೋಲುವುದನ್ನೇ ಮರೆತಂತಾಯಿತು: 1941ರವರೆಗೆ ಸತತವಾಗಿ ಎಂಟು ವರ್ಷ ಪಾರಿತೋಷಕ ಬ್ಲ್ಯಾಕ್‌ಪೂಲ್ ಬಿಟ್ಟು ಕದಲಲಿಲ್ಲ. ಆ ತಂಡದಲ್ಲಿ ಆಡಿದ ಜಾಕ್ ಲಿಂಚ್ ಎಂಬ ತರುಣರು ಮುಂದೆ 1966ರಲ್ಲಿ ಐರ್ಲೆಂಡಿನ ಪ್ರಧಾನಮಂತ್ರಿಗಳಾದರು.

ಎಂಟನೆಯ ಗೆಲುವಿನ ವರ್ಷವೇ ಕ್ಲಾಯ್ನ್ ಊರಿನ ರಿಂಗ್ ಗ್ಲೆನ್ ರೋವರ್ಸ್ ಸೇರಿದ. ಕ್ಲಾಯ್ನ್ ಕ್ಲಬ್ಬು ಆಗ ಕಿರಿಯ ದರ್ಜೆಯದು. ಜಿಲ್ಲಾ ತಂಡಕ್ಕೆ ಆಗಲೇ ಆಯ್ಕೆಯಾಗಿದ್ದ ಇಪ್ಪತ್ತರ ಹುಡುಗನಿಗೆ ಹಿರಿಯ ದರ್ಜೆಯ ಆಟ ಬೇಕಾಗಿತ್ತು. ಪ್ರತಿಭಾವಂತ ಮಗ ದುಡಿಮೆಗಾಗಿ ಪಟ್ಟಣ ಸೇರುವುದು ಎಲ್ಲ ದೇಶಗಳಲ್ಲಿಯೂ ಕಂಡದ್ದೇ. ಆದರೆ ಕೋಲು ಹಿಡಿದ ಮಗ ಹೀಗೆ ಹೊರಟು ನಿಂತಾಗ ಹಳ್ಳಿಗೆ ಆಗುವ ನಷ್ಟ ಬೇರೆ ಬಗೆಯದು. ಪಟ್ಟಣದಲ್ಲಿ ದುಡಿದವನು ಊರಿಗೆ ಹಣ ಕಳುಹಿಸಬಲ್ಲ, ಗೋಲು ಕಳುಹಿಸಲಾರ.

ರಿಂಗ್ ಗ್ಲೆನ್ ಕ್ಲಬ್ಬಿಗೆ ಆಡಿ ಹದಿನಾಲ್ಕು ಸಲ ಜಿಲ್ಲಾ ಚಾಂಪಿಯನ್‌ಷಿಪ್ಪಿನ ಪದಕ ಗಳಿಸಿದ. ಕಾರ್ಕ್ ಜಿಲ್ಲೆಯ ಪರವಾಗಿ ಅಖಿಲ ಐರ್ಲೆಂಡ್ ಚಾಂಪಿಯನ್‌ಷಿಪ್ಪನ್ನು ಎಂಟು ಸಲ ಗೆದ್ದ. ಅವುಗಳಲ್ಲಿ ಮೂರು ಸಲ, 1946, 1953, 1954ರಲ್ಲಿ, ಆತನೇ ನಾಯಕ. ಹೊಟ್ಟೆಪಾಡಿಗೆ ಎಣ್ಣೆಯ ಲಾರಿ ಓಡಿಸುತ್ತಿದ್ದ. 1979ರ ಮಾರ್ಚ್ 2ರಂದು ಕಾರ್ಕ್ ನಗರದ ಬೀದಿಯಲ್ಲಿ ಹೃದಯಾಘಾತದಿಂದ ಕುಸಿದು ತೀರಿಕೊಂಡ. ಗ್ಲೆನ್ ಆತನ ಆಟವನ್ನೆಲ್ಲ ಪಡೆದಿತ್ತು. ಮಣ್ಣಿಗೆ ಮಾತ್ರ ಆತ ಕ್ಲಾಯ್ನ್‌ಗೆ ಮರಳಿದ. ಸಮಾಧಿಯ ಬಳಿ ನಿಂತು ಚರಮಭಾಷಣ ಮಾಡಿದವರು ಒಂದು ಕಾಲದ ಸಹ ಆಟಗಾರ, ಅಂದಿನ ಪ್ರಧಾನಿ ಜಾಕ್ ಲಿಂಚ್.

ರಿಂಗ್ ಸತ್ತು ಇಪ್ಪತ್ತೈದು ವರ್ಷಗಳಾದ ಮೇಲೆ ಕ್ಲಾಯ್ನ್‌ಗೆ ತನ್ನದೇ ಆದ ಕಾಲ ಬಂದಿತು. ಆ ವೇಳೆಗೆ ಕ್ಲಬ್ಬು ಹಿರಿಯ ದರ್ಜೆಗೇರಿತ್ತು. ಕಾರ್ಕ್ ಜಿಲ್ಲಾ ತಂಡದ ಗೋಲ್‌ಕೀಪರ್ ಡೋನಲ್ ಓಗ್ ಕ್ಯೂಸಾಕ್ ಕ್ಲಾಯ್ನ್‌ನವನು. ಆತನ ಮುಂದೆ ಗೋಡೆಯಂತೆ ನಿಲ್ಲುತ್ತಿದ್ದ ಡಿಯರ್ಮಿಡ್ ಓಸಲಿವನ್ ಸಹ ಕ್ಲಾಯ್ನ್‌ನವನೇ. ಈ ಸಲ ಯಾರೂ ಊರು ಬಿಡಲಿಲ್ಲ. 2004ರಲ್ಲಿ ಕ್ಲಾಯ್ನ್ ಜಿಲ್ಲೆಯ ಅಂತಿಮ ಪಂದ್ಯಕ್ಕೆ ಬಂದಿತು. ನಗರದ ನಾ ಪಿಯರ್ಸಿ ಕ್ಲಬ್ಬಿಗೆ ಸೋತಿತು. 2005ರಲ್ಲಿ ಮತ್ತೆ ಬಂದು ನ್ಯೂಟೌನ್‌ಶಾಂಡ್ರಮ್‌ಗೆ ಸೋತಿತು. 2006ರಲ್ಲಿ ಮೂರನೆಯ ಬಾರಿ ಬಂದು ಎರಿನ್ಸ್ ಓನ್ ಕ್ಲಬ್ಬಿಗೆ ಸೋತಿತು.

ಈ ಸೋಲುಗಳ ಬೆಲೆ ಪಾರಿತೋಷಕದಷ್ಟೇ ಆಗಿರಲಿಲ್ಲ. ಜಿಲ್ಲೆಯಲ್ಲಿ ಗೆದ್ದ ಕ್ಲಬ್ಬು ಮರುವರ್ಷ ಜಿಲ್ಲಾ ತಂಡದ ನಾಯಕನನ್ನು ಸೂಚಿಸುವ ಸಂಪ್ರದಾಯ ಕಾರ್ಕ್‌ನಲ್ಲಿ ಆಗ ಇತ್ತು. 2003ರಲ್ಲಿ ಗೆದ್ದದ್ದು ನ್ಯೂಟೌನ್‌ಶಾಂಡ್ರಮ್. 2004ರಲ್ಲಿ ಕಾರ್ಕ್ ಅಖಿಲ ಐರ್ಲೆಂಡ್ ಚಾಂಪಿಯನ್ ಆದಾಗ ಪಾರಿತೋಷಕವನ್ನೆತ್ತಿದವನು ಆ ಹಳ್ಳಿಯ ಬೆನ್ ಓಕಾನರ್. 2004ರಲ್ಲಿ ನಾ ಪಿಯರ್ಸಿ ಕ್ಲಾಯ್ನನ್ನು ಸೋಲಿಸಿತಷ್ಟೆ. ಮರುವರ್ಷ ಕಾರ್ಕ್ ಮತ್ತೆ ಗೆದ್ದಾಗ ನಾಯಕ ಆ ಕ್ಲಬ್ಬಿನ ಶಾನ್ ಓಗ್ ಓ ಹಾಲ್ಪಿನ್. ಫಿಜಿಯಲ್ಲಿ ಹುಟ್ಟಿ, ಸಿಡ್ನಿಯಲ್ಲಿ ಬಾಲ್ಯ ಕಳೆದು, ಕಾರ್ಕ್‌ಗೆ ಬಂದು ನೆಲೆಸಿದ ಆತ ಅಂದು ಇಡೀ ಭಾಷಣವನ್ನು ಐರಿಷ್ ಭಾಷೆಯಲ್ಲೇ ಮಾಡಿದ. ಆ ವಿಜಯಗಳಲ್ಲಿ ಕ್ಲಾಯ್ನ್‌ನ ಗೋಲ್‌ಕೀಪರನೂ ಇದ್ದ. ನಾಯಕನ ಸ್ಥಾನ ಮಾತ್ರ ಕ್ಲಾಯ್ನ್‌ಗೆ ದಕ್ಕಲಿಲ್ಲ.

ಹಾಗೆಂದು ಹಳ್ಳಿಗಳಿಗೆ ಬಾಗಿಲು ಮುಚ್ಚಿದೆಯೆನ್ನುವಂತಿಲ್ಲ. ಜಿಲ್ಲೆಯ ಉತ್ತರದ ಗಡಿಯ ನ್ಯೂಟೌನ್‌ಶಾಂಡ್ರಮ್ ಸಣ್ಣ ಹಳ್ಳಿಯೇ. 2000ದಲ್ಲಿ ಮೊದಲ ಸಲ ಜಿಲ್ಲೆಯನ್ನು ಗೆದ್ದು, 2004ರಲ್ಲಿ ಅಖಿಲ ಐರ್ಲೆಂಡ್ ಕ್ಲಬ್ ಚಾಂಪಿಯನ್ ಆಯಿತು. ಬೆನ್ ಮತ್ತು ಜೆರ್ರಿ ಎಂಬ ಓಕಾನರ್ ಅವಳಿ ಸೋದರರು ಒಂದೇ ಮನೆಯಲ್ಲಿ ಹುಟ್ಟಿದ್ದು ಅದರ ಪುಣ್ಯ. ಪ್ರತಿ ಹಳ್ಳಿಗೂ ಇಂಥ ಅವಳಿಗಳು ಒದಗುವರೇ?

ಒದಗದ ಊರುಗಳಿಗಾಗಿ ಕಾರ್ಕ್ ಜಿಲ್ಲೆ ಬೇರೊಂದು ಏರ್ಪಾಡು ಮಾಡಿಕೊಂಡಿದೆ. ಹಿರಿಯ ದರ್ಜೆಗೇರದ ಕ್ಲಬ್ಬುಗಳ ಆಟಗಾರರನ್ನು ಪ್ರದೇಶವಾರು ಒಟ್ಟುಗೂಡಿಸಿ ಒಂದೊಂದು ವಿಭಾಗೀಯ ತಂಡ ಕಟ್ಟುತ್ತಾರೆ. ಹುಡುಗ ತನ್ನ ಊರಿಗೂ ಆಡುತ್ತಾನೆ, ಹಿರಿಯರ ಕಣದಲ್ಲಿಯೂ ಆಡುತ್ತಾನೆ. ರಿಂಗ್ ಮಾಡಿದಂತೆ ಗಂಟುಮೂಟೆ ಕಟ್ಟಬೇಕಾಗಿಲ್ಲ. ಉತ್ತರದ ಅವನ್‌ಡೂ ವಿಭಾಗ 1952ರಲ್ಲೇ ಗೆದ್ದು ನಗರದವರನ್ನು ಬೆರಗುಗೊಳಿಸಿತ್ತು. ಕ್ಲಾಯ್ನ್ ಇರುವ ಪೂರ್ವಪ್ರಾಂತದ ವಿಭಾಗ ಇಮೊಕಿಲಿ. ಅದರ ಮೊದಲ ಗೆಲುವು 1997ರಲ್ಲಿ, ಮರುವರ್ಷವೂ ಗೆದ್ದಿತು. ಅನಂತರ 2017, 2018, 2019ರಲ್ಲಿ ಸತತವಾಗಿ ಮೂರು ಸಲ.

ಹಲವು ಕ್ಲಬ್ಬುಗಳ ಆಯ್ದ ತಂಡವನ್ನು ಒಂದೇ ಕ್ಲಬ್ಬಿನ ಎದುರು ನಿಲ್ಲಿಸುವುದು ನ್ಯಾಯವೇ ಎಂಬ ಆಕ್ಷೇಪಣೆ ಉಂಟು. ಅದನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೆ ಒಂದೇ ಬಡಾವಣೆಯ ಕ್ಲಬ್ಬು ಅಕ್ಕಪಕ್ಕದ ಊರುಗಳ ರಿಂಗ್‌ಗಳನ್ನು ಸೆಳೆದುಕೊಂಡು ಗೆಲ್ಲುವುದಕ್ಕಿಂತ, ಊರುಗಳೇ ಕೂಡಿ ಗೆಲ್ಲುವುದು ಮೇಲು. ಇದಕ್ಕೆ ತೆರಬೇಕಾದ ಸುಂಕವೂ ಇದೆ. ಜಿಲ್ಲೆಯನ್ನು ಗೆದ್ದ ಕ್ಲಬ್ಬು ಮನ್‌ಸ್ಟರ್ ಪ್ರಾಂತದ ಪಂದ್ಯಗಳಿಗೂ ಅಲ್ಲಿಂದ ಅಖಿಲ ಐರ್ಲೆಂಡ್ ಪಂದ್ಯಗಳಿಗೂ ಹೋಗುತ್ತದೆ. ವಿಭಾಗೀಯ ತಂಡ ಕ್ಲಬ್ಬಲ್ಲವಾದ್ದರಿಂದ ಅದಕ್ಕೆ ಆ ಹಾದಿಯಿಲ್ಲ. ಅದು ಗೆದ್ದರೂ ಮುಂದೆ ಹೋಗುವವರು ಬೇರೆಯವರು.

2024ರಲ್ಲಿ ಇದು ವಿಚಿತ್ರವಾಗಿಯೇ ನಡೆಯಿತು. ಅಂತಿಮ ಪಂದ್ಯದಲ್ಲಿ ಇಮೊಕಿಲಿ ಸಾರ್ಸ್‌ಫೀಲ್ಡ್ಸ್ ಕ್ಲಬ್ಬನ್ನು ಸೋಲಿಸಿತು. ಕಾರ್ಕ್ ಜಿಲ್ಲೆಯ ಪ್ರತಿನಿಧಿಯಾಗಿ ಹೊರಟದ್ದು ಸೋತ ಸಾರ್ಸ್‌ಫೀಲ್ಡ್ಸ್. ಅದು ಬಲಿಷ್ಠವಾದ ಬ್ಯಾಲಿಗನ್ನರ್ ಕ್ಲಬ್ಬನ್ನು ಮಣಿಸಿ ಪ್ರಾಂತವನ್ನು ಗೆದ್ದು, 2025ರ ಜನವರಿಯಲ್ಲಿ ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಅಖಿಲ ಐರ್ಲೆಂಡ್ ಅಂತಿಮ ಪಂದ್ಯವನ್ನೂ ಆಡಿ, ಡಬ್ಲಿನ್ನಿನದೇ ಆದ ನಾ ಫಿಯಾನಾಕ್ಕೆ ಸೋತಿತು. ಅದನ್ನು ಜಿಲ್ಲೆಯಲ್ಲಿ ಸೋಲಿಸಿದ್ದ ಇಮೊಕಿಲಿಯ ಹುಡುಗರು ಆ ದಿನ ಕಣದಲ್ಲಿರಲಿಲ್ಲ.